ಅಜ್ಜನಿಗೆ ಎಳನೀರು ಬ್ಯಾಡ

ಮಕ್ಕಳೇ, ವಾರಕ್ಕೆ ಮೂರು ಸಲ ನಾನು ಮೂಡಲಗಿಯಿಂದ ಗೋಕಾಕಕ್ಕೆ ಡಯಾಲಿಸಿಸ್‌ಗೆ ಹೋಗುತ್ತೇನೆ. ಮೊನ್ನೆ ಹುಕ್ಕೇರಿಯಿಂದ ಬಂದಿದ್ದ ಮೊಮ್ಮಗನೂ ಜೊತೆಗಿದ್ದ. ನಾಲ್ಕು ತಾಸು ಮುಗಿಸಿ ಸುಸ್ತಾಗಿ ಹೊರಬಂದರೆ, ಎಳನೀರು ಹಿಡಿದು ನಿಂತಿದ್ದ.

"ಕುಡಿ ಅಜ್ಜಾ, ಶಕ್ತಿ ಬರ್ತೈತಿ."

"ಬ್ಯಾಡಪಾ" ಅಂದೆ. ಅವನ ಮುಖ ಸಣ್ಣದಾಯಿತು. ಹತ್ತಿರ ಕೂಡಿಸಿಕೊಂಡು ಹೇಳಿದೆ:

ಉಂಡದ್ದು ಕರಗಿದ ಮೇಲೆ ರಕ್ತದಲ್ಲಿ ಯೂರಿಯಾದಂಥ ಕಸ ಸೇರುತ್ತದೆ. ಗಟ್ಟಿ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಬೇಕಾದದ್ದನ್ನು ರಕ್ತಕ್ಕೆ ಮರಳಿಸಿ, ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ. ನನ್ನವು ಸೋತಿವೆ. ಅದಕ್ಕೇ ಈ ಯಂತ್ರ. 1943ರಲ್ಲಿ ಇಂಥದೊಂದನ್ನು ಕಟ್ಟಿದವರು ನೆದರ್‌ಲ್ಯಾಂಡ್ಸಿನ ವೈದ್ಯ ವಿಲೆಮ್ ಕೋಲ್ಫ್. ಯಂತ್ರದ ತೆಳು ಪೊರೆಯಲ್ಲಿ ಯೂರಿಯಾ ಸಲೀಸಾಗಿ ತೂರಿಹೋಗುತ್ತದೆ. ರಕ್ತದ ಪ್ರೋಟೀನಿಗೆ ಅಂಟಿಕೊಂಡ ವಿಷಗಳು ಮಾತ್ರ ಬಹಳಷ್ಟು ಒಳಗೇ ಉಳಿಯುತ್ತವೆ. ಹಗಲುರಾತ್ರಿಯ ಕೆಲಸ ವಾರಕ್ಕೆ ಹನ್ನೆರಡು ತಾಸಿನಲ್ಲಿ ಮುಗಿದೀತೇ? ಎಳನೀರಿನಲ್ಲಿ ಪೊಟ್ಯಾಶಿಯಂ ಬಹಳ. ಅದು ರಕ್ತದಲ್ಲಿ ಏರಿದರೆ ಹೃದಯವೇ ನಿಂತೀತು.

"ಹಂಗಾರ ಕರದಂಟು?"

"ಅದೂ ನಿನಗೇ."

"ಮೂತ್ರಪಿಂಡ ಯಾಕ ಸೋತ್ವು?"

"ಸಕ್ಕರಿ ಕಾಯಿಲೆ, ಬಿ.ಪಿ. ನೋವೇ ಇರಲಿಲ್ಲ. ತಪಾಸಣೆ ಮಾಡಿಸಲಿಲ್ಲ."

ಮನೆಗೆ ಬಂದವನೇ ಒಲೆಯ ಮುಂದಿದ್ದವಳನ್ನು ಕೇಳಿದ: "ಅಜ್ಜೀ, ನಿನ್ನ ಸಕ್ಕರಿ, ಬಿ.ಪಿ. ಯಾವಾಗ ತೋರಿಸಿದ್ದಿ?"

ಅವಳು ನನ್ನ ಮುಖ ನೋಡಿದಳು. ನಾಳೆ ಇಬ್ಬರೂ ದವಾಖಾನೆಗೆ ಹೊರಟಿದ್ದಾರೆ.