ಅವ್ವನ ಡಬ್ಬಿ, ನನ್ನ ಗ್ರೀಕ್ ಸಲಾಡ್: ಒಂದು ತಿದ್ದುಪಡಿ

(1/6)

ಹೋದ ತಿಂಗಳು ಇದೇ ಸರಣಿಯಾಗ 'ಗ್ರೀಕ್ ಥರದ ಚಿಕನ್ ಸಲಾಡ್, ಡಬ್ಬಿಗೂ ಬೆಸ್ಟ್' ಅಂತ ಒಂದು ಪೋಸ್ಟ್ ಹಾಕಿದ್ದೆ, ನೆನಪೈತಿ? ನಾನು ಇಲ್ಲಿತನಕ ಹಾಕಿದ್ದರಾಗ ಎಲ್ಲಾಕ್ಕಿಂತ ಹೆಚ್ಚು ಸೇವ್ ಆಗಿದ್ದು ಅದೇ. ಕ್ಲಾಸಿನಾಗ ನಾಕು ಮಂದಿ ಬಂದು 'ಮಾಡಿದ್ವಿ, ಮಸ್ತ್ ಆಗಿತ್ತು' ಅಂದ್ರು. ಖುಷಿ ಆಗಿತ್ತು.

ಇವತ್ತು ಹೇಳ್ತೀನಿ: ಆ ಪೋಸ್ಟಿನಾಗ ಸಲಾಡ್ ತಪ್ಪಿಲ್ಲ, ಡ್ರೆಸ್ಸಿಂಗ್ ತಪ್ಪಿಲ್ಲ. 'ಡಬ್ಬಿಗೂ ಬೆಸ್ಟ್' ಅನ್ನೋ ಎರಡು ಶಬ್ದ ತಪ್ಪು.

ಪೋಸ್ಟ್ ಡಿಲೀಟ್ ಮಾಡಬಹುದಿತ್ತು. ಆದ್ರ ಬಿಕಾಂ ಓದೋರಿಗೆ ಮೊದಲನೇ ವರ್ಷನ ಒಂದು ಮಾತು ಹೇಳಿಕೊಟ್ಟಿರ್ತಾರ. ಲೆಕ್ಕದ ಪುಸ್ತಕದಾಗ ತಪ್ಪು ಎಂಟ್ರಿ ಬಿತ್ತಂದ್ರ ಅದನ್ನ ಅಳಿಸೋ ಹಂಗಿಲ್ಲ, ವೈಟ್ನರ್ ಹಚ್ಚೋ ಹಂಗಿಲ್ಲ. ಹಳೇದು ಹಂಗ ಇರಬೇಕು, ಅದರ ಮುಂದ ತಿದ್ದುಪಡಿ ಎಂಟ್ರಿ ಹಾಕಬೇಕು, ಯಾಕ ಹಾಕಿದಿ ಅಂತ ಕೆಳಗ ಒಂದು ಸಾಲು ಬರೀಬೇಕು. ಇದು ಆ ಎಂಟ್ರಿ. ಕಾರಣ ಮುಂದಿನ ಸ್ಲೈಡಿನಾಗ ಐತಿ.

(2/6)

ನಮ್ಮವ್ವ ಬೇಲೂರು ಇಂಡಸ್ಟ್ರಿಯಲ್ ಏರಿಯಾದಾಗ ಪ್ಯಾಕಿಂಗ್ ಕೆಲಸಕ್ಕ ಹೋಗ್ತಾಳ. ಸೆಕೆಂಡ್ ಶಿಫ್ಟ್ ಅಂದ್ರ ಮಧ್ಯಾಹ್ನ 2 ರಿಂದ ರಾತ್ರಿ 10. ಅವತ್ತು ನಾನು ಮುಂಜಾನೆ 11ಕ್ಕ ಸಲಾಡ್ ಮಾಡಿ, ಕಿಟಕಿ ಬೆಳಕಿನಾಗ ಇಟ್ಟು ಫೋಟೋ ತೆಗೆದೆ. ಒಂದಲ್ಲ, ಮೂವತ್ತು ಫೋಟೋ. ಆಮೇಲೆ ಅದನ್ನೇ ಅವ್ವನ ಸ್ಟೀಲ್ ಡಬ್ಬಿಗೆ ತುಂಬಿ, 'ಇವತ್ತು ರೊಟ್ಟಿ ಬ್ಯಾಡ, ಇದನ್ನ ತಿನ್ನು, ಪ್ರೋಟೀನ್ ಐತಿ' ಅಂತ ಕೊಟ್ಟೆ. ಏಪ್ರಿಲ್ ತಿಂಗಳು. ಅವ್ವ ಊಟಕ್ಕ ಕುಂತಿದ್ದು ಸಂಜಿ 7ಕ್ಕ. ನಡುವ ಎಂಟು ತಾಸು.

ರಾತ್ರಿ ಒಂದು ಗಂಟೆಗೆ ವಾಂತಿ ಶುರು ಆತು. ಬೆಳತನಕ ನಿಲ್ಲಲಿಲ್ಲ. ದವಾಖಾನಿಗೆ ಕರ್ಕೊಂಡು ಹೋದಾಗ ಡಾಕ್ಟರ್ ಕೇಳಿದ ಮೊದಲನೇ ಪ್ರಶ್ನೆ: 'ನಿನ್ನೆ ಏನ್ ತಿಂದ್ರಿ, ಅದನ್ನ ಎಷ್ಟೊತ್ತಿಗೆ ಮಾಡಿದ್ದು?' ಎರಡನೇ ಭಾಗಕ್ಕ ಉತ್ತರ ನಾನು ಕೊಡಬೇಕಾತು.

ಎರಡು ದಿನ ಹಾಜರಿ ಹೋತು. ಗುತ್ತಿಗೆ ಕೆಲಸ, ಹೋಗದಿದ್ದ ದಿನ ಪಗಾರ ಇಲ್ಲ.

ಅವ್ವ ಬೈಲಿಲ್ಲ. 'ರುಚಿ ಇತ್ತು ಬಿಡವ್ವ. ಒಂಚೂರು ಹುಳಿ ಹೊಡೀತಿತ್ತು, ನಿಂಬಿಹಣ್ಣಿಂದು ಇರಬೇಕು ಅಂತ ತಿಂದೆ' ಅಂದ್ಳು.

ನನಗ ಇನ್ನೂ ಚುಚ್ಚೋದು ಈ ಮಾತು. ಮೊಸರು, ನಿಂಬಿಹಣ್ಣು, ಬಳ್ಳೊಳ್ಳಿ ಹಾಕಿದ ಡ್ರೆಸ್ಸಿಂಗ್ ಮೊದಲೇ ಹುಳಿ, ಮೊದಲೇ ಘಾಟು. ಅನ್ನ ಸಾರು ಹಳಸಿದ್ರ ನಮ್ಮ ಮೂಗು ಹೇಳ್ತದ. ಇದು ಕೆಟ್ಟಿದ್ರೂ ಮೂಗಿಗೆ ಗೊತ್ತಾಗಲಿಲ್ಲ.

(3/6)

ಹಂಗಂತ ಸಲಾಡ್ ಮಾಡಬ್ಯಾಡ್ರಿ ಅನ್ನಾಕತ್ತಿಲ್ಲ. ಮಾಡ್ರಿ, ಮನ್ಯಾಗ ಮಾಡಿ ಆಗಿಂದಾಗ ತಿನ್ರಿ. ಗ್ರೀಸಿನಾಗ ಮೂಲ ಸಲಾಡಿಗೆ 'ಹೊರಿಯಾತಿಕಿ' ಅಂತಾರ, ಅಂದ್ರ ಹಳ್ಳಿಯದು. ಟೊಮೆಟೊ, ಸೌತಿಕಾಯಿ, ಉಳ್ಳಾಗಡ್ಡಿ, ಆಲಿವ್, ಫೆಟಾ ಚೀಸ್, ಒರೆಗಾನೊ, ಆಲಿವ್ ಎಣ್ಣಿ. ಅದರಾಗ ಲೆಟ್ಯೂಸ್ ಇಲ್ಲ, ಚಿಕನ್ನೂ ಇಲ್ಲ. ಚಿಕನ್ ಹಾಕಿದ್ದು ಹೊಟ್ಟಿ ತುಂಬಲಿ ಅಂತ, ಅದಕ್ಕ ನಾನು 'ಗ್ರೀಕ್ ಥರದ' ಅಂದಿದ್ದು. ಫೆಟಾ ಅಂದ್ರ ಕುರಿ ಹಾಲಿಂದ, ಬೇಕಾದ್ರ ಸ್ವಲ್ಪ ಆಡಿನ ಹಾಲೂ ಸೇರಿಸಿ ಮಾಡಿ, ಉಪ್ಪುನೀರಾಗ ಇಡೋ ಚೀಸ್. 2002 ರಿಂದ ಯುರೋಪಿಯನ್ ಒಕ್ಕೂಟದಾಗ ಗ್ರೀಸಿನದಕ್ಕಷ್ಟೇ ಆ ಹೆಸರು. ನಮ್ಮ ಧಾರವಾಡ ಪೇಡೆಗೆ ಜಿಐ ಟ್ಯಾಗ್ ಇದ್ದಂಗ. ಹಂಗಾಗಿ ನನ್ನ ಪನೀರಿಗೆ ಫೆಟಾ ಅನ್ನೋದಿಲ್ಲ, ಉಪ್ಪು ಪನೀರ್ ಅಂತೀನಿ.

ಇಬ್ಬರಿಗೆ ಅಳತೆ:

ಡ್ರೆಸ್ಸಿಂಗ್: ಒಂದು ಬಟ್ಟಲು ಮೊಸರನ್ನ ತೆಳು ಬಟ್ಟಿಯಾಗ ಕಟ್ಟಿ ಒಂದು ತಾಸು ನೀರು ಇಳಿಸ್ರಿ, ಶ್ರೀಖಂಡಕ್ಕ ಕಟ್ಟಿದಂಗ. ಅದಕ್ಕ ಒಂದು ನಿಂಬಿಹಣ್ಣಿನ ರಸ, ಜಜ್ಜಿದ ಎರಡು ಎಸಳು ಬಳ್ಳೊಳ್ಳಿ, ಎರಡು ಚಮಚ ಎಣ್ಣಿ, ಉಪ್ಪು, ಕರಿಮೆಣಸಿನ ಪುಡಿ. ಒರೆಗಾನೊ ಅಂತ ಡಬ್ಬಿ ಕೊಳ್ಳಬ್ಯಾಡ್ರಿ, ಪಿಜ್ಜಾ ಜೋಡಿ ಬಂದ ಪಾಕೀಟು ಎಲ್ಲಾರ ಮನ್ಯಾಗೂ ಬಿದ್ದಿರ್ತಾವ. ಇಲ್ಲಂದ್ರ ಕುಂಡದಾಗಿನ ದೊಡ್ಡಪತ್ರಿ ಎಲಿ ಎರಡು ಸಣ್ಣಗ ಹೆಚ್ಚಿ ಹಾಕ್ರಿ. ಒರೆಗಾನೊಕ್ಕೂ ದೊಡ್ಡಪತ್ರಿಗೂ ಆ ಘಾಟು ಬರೋದು ಕಾರ್ವಕ್ರೋಲ್, ಥೈಮೋಲ್ ಅನ್ನೋ ಅವೇ ಎಣ್ಣಿ ಅಂಶದಿಂದ.

ಚಿಕನ್: ಎಲುಬಿಲ್ಲದ್ದು 250 ಗ್ರಾಂ. ಡ್ರೆಸ್ಸಿಂಗನ್ನ ಮೊದಲೇ ಎರಡು ಪಾಲು ಮಾಡ್ರಿ. ಒಂದು ಪಾಲು ಹಸಿ ಚಿಕನ್ನಿಗೆ ಹಚ್ಚಿ ಅರ್ಧ ತಾಸು ಫ್ರಿಜ್ಜಿನಾಗ ಇಡ್ರಿ. ಉಳಿದಿದ್ದನ್ನ ಸಲಾಡಿಗೆ ಬ್ಯಾರೆ ತೆಗೆದಿಡ್ರಿ. ಹಸಿ ಚಿಕನ್ ಮುಟ್ಟಿದ ಡ್ರೆಸ್ಸಿಂಗನ್ನ ತಿರುಗಿ ಮ್ಯಾಲೆ ಸುರೀಬಾರದು. ಹಂಚಿನ ಮ್ಯಾಲೆ ಎರಡೂ ಕಡೆ ಬೇಯಿಸಿ, ದಪ್ಪ ಇದ್ದ ಕಡೆ ಕೊಯ್ದು ನೋಡ್ರಿ. ಒಳಗ ಗುಲಾಬಿ ಬಣ್ಣ ಉಳಿದಿದ್ರ ಇನ್ನೂ ಬೇಯಿಸ್ರಿ. ಹಸಿದನ್ನ ಹೆಚ್ಚಿದ ಚಾಕು, ಮಣಿ ತೊಳೆದೇ ಸೌತಿಕಾಯಿ ಹೆಚ್ಚಬೇಕು.

ಕಾಯಿಪಲ್ಯ: ಟೊಮೆಟೊ, ಸೌತಿಕಾಯಿ, ಉಳ್ಳಾಗಡ್ಡಿ, ಕ್ಯಾಪ್ಸಿಕಂ ದೊಡ್ಡ ದೊಡ್ಡ ತುಂಡು. ಉಪ್ಪು ಕಡೀಕ ಹಾಕ್ರಿ, ಮೊದಲೇ ಹಾಕಿದ್ರ ನೀರು ಬಿಡ್ತದ. ಪನೀರ್ ಪುಡಿ ಮಾಡಿ ಉಪ್ಪು, ನಿಂಬಿರಸದ ನೀರಾಗ ಒಂದು ತಾಸು ಫ್ರಿಜ್ಜಿನಾಗ ಇಟ್ಟು ಹಿಂಡಿ ಉದುರಿಸ್ರಿ. ಚಿಕನ್ ತಿನ್ನದವರು ಅದರ ಬದಲು ಕುದಿಸಿದ ಕಾಬೂಲಿ ಕಡಲಿ ಹಾಕ್ಕೋರಿ.

(4/6)

ಈಗ ನಾನು ಮೊದಲೇ ಓದಬೇಕಾಗಿದ್ದು, ಆಮೇಲೆ ಓದಿದ್ದು.

ವಿಶ್ವ ಆರೋಗ್ಯ ಸಂಸ್ಥೆ 2001ರಾಗ ಸುರಕ್ಷಿತ ಆಹಾರಕ್ಕ ಐದು ಸೂತ್ರ ಅಂತ ಒಂದು ಪೋಸ್ಟರ್ ಮಾಡೇತಿ: ಸ್ವಚ್ಛ ಇಡ್ರಿ, ಹಸಿದನ್ನ ಬೆಂದದ್ದನ್ನ ಬ್ಯಾರೆ ಇಡ್ರಿ, ಪೂರ್ತಿ ಬೇಯಿಸ್ರಿ, ಸರಿಯಾದ ಉಷ್ಣಾಂಶದಾಗ ಇಡ್ರಿ, ಒಳ್ಳೆ ನೀರು ಮತ್ತು ಸಾಮಾನು ಬಳಸ್ರಿ. ನಾನು ನಾಲ್ಕು ಪಾಲಿಸಿದ್ದೆ. ಬಿಟ್ಟಿದ್ದು ಉಷ್ಣಾಂಶದ್ದು. 5 ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವ ಬ್ಯಾಕ್ಟೀರಿಯಾ ಜೋರು ಬೆಳೀತಾವ. ಬೆಂದ ಚಿಕನ್ ಹೊರಗ ಎರಡು ತಾಸಿಗಿಂತ ಹೆಚ್ಚು ಇರಬಾರದು. 32 ಡಿಗ್ರಿ ದಾಟಿದ ಬಿಸಿಲಿನಾಗ ಒಂದೇ ತಾಸು. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ ಹೆಂಗಿರ್ತದ ನಿಮಗೇ ಗೊತ್ತು. ಅವ್ವನ ಡಬ್ಬಿ ಎಂಟು ತಾಸು ಕುಂತಿತ್ತು.

'ಬಿಸಿ ಮಾಡಿ ತಿಂದ್ರ ಆತು' ಅನ್ನೋರಿಗೆ: ಸ್ಟೆಫೈಲೊಕಾಕಸ್ ಅನ್ನೋ ಬ್ಯಾಕ್ಟೀರಿಯಾ ಬೆಳೆದು ಒಮ್ಮೆ ವಿಷ ಬಿಟ್ಟ ಮ್ಯಾಲೆ, ಕುದಿಸಿದ್ರೂ ಆ ವಿಷ ಹೋಗೋದಿಲ್ಲ.

ಡ್ರೆಸ್ಸಿಂಗಿಗೂ ಇದೇ ನಿಯಮ. ಹಸಿ ಬಳ್ಳೊಳ್ಳಿ, ಎಣ್ಣಿ ಕೂಡಿಸಿದ್ದನ್ನ ಕಟ್ಟಿ ಮ್ಯಾಲೆ ಇಡಬ್ಯಾಡ್ರಿ. ಫ್ರಿಜ್ಜಿನಾಗ ಇಟ್ಟು ಮೂರು ದಿನದಾಗ ಮುಗಿಸ್ರಿ.

(5/6)

ನಾವು ನೋಡೋ ಸಲಾಡ್ ವಿಡಿಯೋದಾಗ ಗಾಜಿನ ಡಬ್ಬಿ ಇರ್ತದ, ಆ ಡಬ್ಬಿ ಹೋಗೋ ಆಫೀಸಿನಾಗ ಎಸಿ ಇರ್ತದ, ಮೂಲ್ಯಾಗ ಒಂದು ಫ್ರಿಜ್ ಇರ್ತದ. ಅದನ್ನ ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ನಾನೂ ಹೇಳಲಿಲ್ಲ, ನನಗ ಹೊಳೀಲೇ ಇಲ್ಲ. ಶಿಫ್ಟಿಗೆ ಹೋಗೋರ ಡಬ್ಬಿ ಬ್ಯಾಗಿನಾಗ ಇರ್ತದ, ಬ್ಯಾಗು ಗೂಟಕ್ಕ ನೇತಾಡ್ತಿರ್ತದ. 1948ರ ಕಾರ್ಖಾನೆ ಕಾಯ್ದೆ ಬರೆದವರು 150ಕ್ಕಿಂತ ಹೆಚ್ಚು ಕೆಲಸಗಾರರು ಇರೋ ಕಡೆ ಮನಿಯಿಂದ ತಂದ ಊಟ ಕುಂತು ತಿನ್ನಾಕ ಒಂದು ಕೋಣಿ, ಕುಡಿಯಾಕ ನೀರು ಇರಬೇಕು ಅಂತ ಬರೆದ್ರು. ಡಬ್ಬಿಯವರ ನೆನಪು ಅವರಿಗಿತ್ತು. ಈಗಿನ ಕಾಲಕ್ಕ ಆ ಕೋಣ್ಯಾಗ ಒಂದು ಫ್ರಿಜ್ಜೂ ಇರಬೇಕು ಅನ್ನೋದು ನನ್ನ ಅಭಿಪ್ರಾಯ. ಅದು ಬರೋತನಕ ಡಬ್ಬಿಯಾಗ ಏನು ಹಾಕ್ತೀವಿ ಅನ್ನೋದನ್ನ ನಾವೇ ನೋಡ್ಕೋಬೇಕು.

ಅವ್ವ ದಿನಾ ಒಯ್ಯೋದನ್ನ ಈಗ ನೋಡಿದ್ರ ನನಗ ಬ್ಯಾರೆನ ಕಾಣ್ತದ. ಖಡಕ್ ರೊಟ್ಟಿ, ನೀರಿಲ್ಲ, ಕೆಡೋದಿಲ್ಲ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಎರಡೂ ಒಣ ಪುಡಿ. ಉಳ್ಳಾಗಡ್ಡಿ ಇಡೀದು, ಸೌತಿಕಾಯಿ ಇಡೀದು. ಹೊಲಕ್ಕ ಬುತ್ತಿ ಒಯ್ಯೋರು ಉಳ್ಳಾಗಡ್ಡಿ ಹೆಚ್ಚಿ ಒಯ್ಯೋದಿಲ್ಲ, ಅಲ್ಲೇ ಗುದ್ದಿ ತಿಂತಾರ. ನಾನು ಅದನ್ನ 'ಹಳ್ಳಿ ಸ್ಟೈಲ್' ಅಂತ ನಗ್ತಿದ್ದೆ. ಅದು ಫ್ರಿಜ್ ಇಲ್ಲದ ಕಡೆ ಉಣ್ಣೋರ ಬುದ್ಧಿ.

ಈಗ ಡಬ್ಬಿಗೆ ನಾನು ಕಟ್ಟೋ ಸಲಾಡ್ ಇಷ್ಟು: ತೊಳೆದು ಒರೆಸಿದ ಇಡೀ ಸೌತಿಕಾಯಿ, ಇಡೀ ಟೊಮೆಟೊ, ಸಣ್ಣ ಉಳ್ಳಾಗಡ್ಡಿ, ಕೊಯ್ಯದ ಅರ್ಧ ಡಜನ್ ಮಾತು ಬಿಟ್ಟು ಒಂದೇ ಒಂದು ನಿಂಬಿಹಣ್ಣು, ಒಂದು ಮುಷ್ಟಿ ಹುರಿದ ಶೇಂಗಾ, ಪೊಟ್ಟಣದಾಗ ಉಪ್ಪು, ಗುರೆಳ್ಳು ಪುಡಿ, ಮತ್ತ ಒಂದು ಚಾಕು. ರೊಟ್ಟಿ ಅಂತೂ ಇದ್ದೇ ಇರ್ತದ. ಅವ್ವ ಅಲ್ಲೇ ಹೆಚ್ಚಿ, ಅಲ್ಲೇ ಹಿಂಡಿ ತಿಂತಾಳ. ಚಿಕನ್ ಸಲಾಡ್ ರವಿವಾರ, ಅವ್ವನ ರಜಾ ದಿನ, ಹಂಚಿನಿಂದ ಸೀದಾ ತಾಟಿಗೆ.

(6/6)

ಹಳೇ ಪೋಸ್ಟಿನಾಗ ಒಂದು ಕಾಸ್ಟ್ ಶೀಟ್ ಹಾಕಿದ್ದೆ. ಚಿಕನ್ 80, ಮೊಸರು 15, ಕಾಯಿಪಲ್ಯ 30, ಎಣ್ಣಿ ನಿಂಬಿಹಣ್ಣು 15. ಒಟ್ಟು 140, ಒಂದು ತಾಟಿಗೆ 70 ರೂಪಾಯಿ. ಲೆಕ್ಕ ಬರೋಬ್ಬರಿ ಇತ್ತು. ಅವ್ವನ ಎರಡು ದಿನದ ಪಗಾರ, ಡಾಕ್ಟರ್ ಫೀ, ಗುಳಿಗಿ, ಇವು ಆ ಶೀಟಿನಾಗ ಇರಲಿಲ್ಲ.

ಅದಕ್ಕ ನನ್ನ ಮಾತು ಇಷ್ಟೇ. ರೆಸಿಪಿ ಹಾಕೋರು ಬರೇ ಏನೇನು ಹಾಕಬೇಕು ಅಂತ ಹೇಳಿದ್ರ ಸಾಲದು. ಯಾರು ತಿಂತಾರ, ಎಲ್ಲಿ ತಿಂತಾರ, ಮಾಡಿ ಎಷ್ಟು ತಾಸಿಗೆ ತಿಂತಾರ, ಈ ಮೂರೂ ಹೇಳಬೇಕು. 'ಹೆಲ್ದಿ' ಅನ್ನೋದು ಪ್ರೋಟೀನ್ ಗ್ರಾಂನಾಗ ಅಷ್ಟೇ ಇಲ್ಲ, ತಾಸಿನಾಗೂ ಐತಿ. ಇನ್ನು ಮುಂದ ಈ ಪೇಜಿನಾಗ ಪ್ರತಿ ರೆಸಿಪಿ ಕೆಳಗ ಈ ಮೂರು ಸಾಲು ಇರ್ತಾವ. ಮರೆತ್ರ ಕಾಮೆಂಟಿನಾಗ ಬೈರಿ.

ಹಳೇ ಪೋಸ್ಟ್ ಸೇವ್ ಮಾಡಿದವರು ಇದನ್ನೂ ಅದರ ಜೋಡಿ ಸೇವ್ ಮಾಡ್ಕೋರಿ. ನಿಮ್ಮ ಮನ್ಯಾಗ ಶಿಫ್ಟಿಗೆ ಹೋಗೋರು ಇದ್ರ, ಇವತ್ತು ಒಂದು ಪ್ರಶ್ನೆ ಕೇಳ್ರಿ: 'ಡಬ್ಬಿ ಎಷ್ಟೊತ್ತಿಗೆ ಬಿಚ್ಚತೀರಿ?' ನಾನು ಇಪ್ಪತ್ತು ವರ್ಷ ಆ ಡಬ್ಬಿ ದುಡ್ಡಿನಾಗ ಬೆಳೆದೀನಿ, ಆದ್ರ ಒಮ್ಮೆನೂ ಕೇಳಿರಲಿಲ್ಲ.

#ಅವ್ವನಡಬ್ಬಿ #ತಿದ್ದುಪಡಿ #ಬೇಲೂರುಇಂಡಸ್ಟ್ರಿಯಲ್‌ಏರಿಯಾ #ಧಾರವಾಡ #ಬಿಕಾಂಅಡಗಿಮನಿ