"ಯಾರು ಮಾಡಿಸಿದ್ದು" ಎಂದು ಕೇಳುವ ಮೊದಲು



ಈ ವಿಷಯ ಬರೆಯಬೇಕೇ ಬೇಡವೇ ಎಂದು ನಮ್ಮ ಯುವಜನರ ಸಭೆಯಲ್ಲಿ ಎರಡು ಸಲ ಚರ್ಚೆಯಾಯಿತು. "ಬರೆದರೆ ಇಗರ್ಜಿಯ ಮಾನ ಹೋಗುತ್ತದೆ" ಎಂದವರೂ ನಮ್ಮಲ್ಲಿ ಇದ್ದರು. ಕೊನೆಗೆ ಫಾದರ್ ಹತ್ತಿರ ಕೇಳಿದೆವು. "ಯಾರ ಹೆಸರೂ ಬೇಡ, ಆದರೆ ಬರೆಯಿರಿ" ಎಂದರು. ಹಾಗಾಗಿ ಬರೆಯುತ್ತಿದ್ದೇವೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇವೆ.

ಹಿಂದಿನ ಮಳೆಗಾಲದಲ್ಲಿ ವಾರ್ಡಿನ ಮನೆಭೇಟಿಗೆ ಹೋದಾಗ ಒಂದು ಮನೆಯಲ್ಲಿ ಒಂಬತ್ತನೇ ತರಗತಿಯ ಹುಡುಗ ಹಣೆಗೆ ಬ್ಯಾಂಡೇಜ್ ಹಾಕಿಕೊಂಡು ಕುಳಿತಿದ್ದ. ಬಚ್ಚಲಲ್ಲಿ ಬಿದ್ದದ್ದು ಎಂದರು. ಅವನಿಗೆ ಫಿಟ್ಸ್ ಇದೆ, ಮಂಗಳೂರಿನ ಡಾಕ್ಟರರು ಕೊಟ್ಟ ಮಾತ್ರೆಯಲ್ಲಿ ಎರಡು ವರ್ಷದಿಂದ ಚೆನ್ನಾಗಿಯೇ ಇದ್ದಾನೆ ಎಂದು ನಮಗೆ ಗೊತ್ತಿತ್ತು. ಮತ್ತೆ ಯಾಕೆ ಬಂತು ಎಂದು ಕೇಳಿದೆವು. ಅವನ ಅಮ್ಮ ತುಂಬ ಹೊತ್ತು ಸುಮ್ಮನಿದ್ದು ಹೇಳಿದರು: ಮಾತ್ರೆ ನಿಲ್ಲಿಸಿ ಒಂದು ತಿಂಗಳಾಗಿತ್ತು.

ಒಬ್ಬ ಮಂತ್ರವಾದಿಯಲ್ಲಿ ನೋಡಿಸಿದ್ದರಂತೆ. 41 ದಿನ ಇಂಗ್ಲಿಷ್ ಮದ್ದು ಮುಟ್ಟಬಾರದು ಎಂದು ಅವನು ಹೇಳಿದ್ದ. ಅಂಗಳದಲ್ಲಿ ತಗಡು ಹೂತು, ಹುಡುಗನ ಸೊಂಟಕ್ಕೆ ನೂಲು ಕಟ್ಟಿ, 18,000 ರೂಪಾಯಿ ತೆಗೆದುಕೊಂಡಿದ್ದ. ಹೊರಡುವಾಗ ಇನ್ನೊಂದು ಮಾತು ಹೇಳಿ ಹೋಗಿದ್ದ: "ನಿಮ್ಮವರೇ ಮಾಡಿಸಿದ್ದು. ಹೆಂಗಸು. ಮನೆಯ ಮೂಡು ದಿಕ್ಕಿನಲ್ಲಿದ್ದಾಳೆ."

ಮೂಡು ದಿಕ್ಕಿನಲ್ಲಿರುವುದು ಹುಡುಗನ ದೊಡ್ಡಮ್ಮನ ಮನೆ. ಗಂಡ ತೀರಿಹೋಗಿದ್ದಾರೆ, ಮಕ್ಕಳಿಲ್ಲ. ಈ ಹುಡುಗನನ್ನು ಚಿಕ್ಕಂದಿನಲ್ಲಿ ಸೊಂಟದಲ್ಲಿ ಎತ್ತಿಕೊಂಡೇ ತಿರುಗಾಡಿದವರು. ಆ ದಿನದಿಂದ ಅವರನ್ನು ಆ ಅಂಗಳಕ್ಕೆ ಸೇರಿಸಲಿಲ್ಲ. ಆ ವರ್ಷ ಮೊಂತಿ ಹಬ್ಬದ ಊಟಕ್ಕೂ ಕರೆಯಲಿಲ್ಲ. ಅವರು ಆದಿತ್ಯವಾರ ಎರಡನೇ ಪೂಜೆಗೆ ಬರುವುದನ್ನು ಬಿಟ್ಟು ಬೆಳಗ್ಗಿನ ಮೊದಲ ಪೂಜೆಗೆ ಬಂದು, ಕೊನೆಯ ಬೆಂಚಿನಲ್ಲಿ ಕುಳಿತು, ಯಾರ ಮುಖವನ್ನೂ ನೋಡದೆ ಹೋಗತೊಡಗಿದರು. ಎರಡೂ ಮನೆಯವರು ಒಂದೇ ಪೀಠದಿಂದ ಪರಮಪ್ರಸಾದ ಸ್ವೀಕರಿಸುವವರು.

ಇಂಥದ್ದು ಒಂದೇ ಮನೆಯಲ್ಲಿ ನಡೆಯುವುದಲ್ಲ ಎಂದು ನಿಮಗೂ ಗೊತ್ತು, ನಮಗೂ ಗೊತ್ತು. ಮದುವೆ ಕೂಡಿಬರದಿದ್ದರೆ, ಗಲ್ಫಿನಲ್ಲಿ ಕೆಲಸ ಹೋದರೆ, ಬಾವಿಯಲ್ಲಿ ನೀರು ಬತ್ತಿದರೆ, ಅಡಿಕೆಗೆ ಕೊಳೆರೋಗ ಬಂದರೆ "ಯಾರೋ ಏನೋ ಮಾಡಿಸಿದ್ದಾರೆ" ಎನ್ನುವ ಮಾತು ನಮ್ಮ ಮನೆಗಳಲ್ಲೂ ಬರುತ್ತದೆ. ಆದಿತ್ಯವಾರ ಇಗರ್ಜಿ, ಮಂಗಳವಾರ ಮಂತ್ರವಾದಿ. ನಾವು ಯುವಕರು ಹಿರಿಯರನ್ನು ನೋಡಿ ನಗುವ ಹಾಗೂ ಇಲ್ಲ. ನಮ್ಮಲ್ಲೇ ಒಬ್ಬ ಬಿಎಸ್ಸಿ ಪರೀಕ್ಷೆಗೆ ಮಂತ್ರಿಸಿದ ನೂಲು ಕಟ್ಟಿಕೊಂಡು ಹೋದವನಿದ್ದಾನೆ. ಮೊಬೈಲಿನಲ್ಲಿ ಟ್ಯಾರೋ ರೀಲ್ಸ್ ನೋಡಿ "ಇದು ನನಗೇ ಹೇಳಿದ ಹಾಗಿದೆ" ಎಂದು ಹಂಚಿದವರಿದ್ದಾರೆ. ತಾಯಿತ ಈಗ ಫೋನಿನೊಳಗೂ ಸಿಗುತ್ತದೆ, ಅಷ್ಟೇ.

ಒಂದು ಮಾತು ಮೊದಲೇ ಸ್ಪಷ್ಟ ಮಾಡುತ್ತೇವೆ. ನೆರೆಯವರ ದೈವ, ನೇಮ, ಅವರ ಆರಾಧನೆ ಈ ಬರಹದ ವಿಷಯವಲ್ಲ. ಅದು ಅವರ ನಂಬಿಕೆ. ಅದನ್ನು ಮಾಟ ಎಂದು ಕರೆಯುವುದು ತಪ್ಪು, ಜೊತೆಗೆ ಬದುಕುವ ನಮಗೆ ಮರ್ಯಾದೆಯೂ ಅಲ್ಲ. ನಾವು ಹೇಳುತ್ತಿರುವುದು ಭಯವನ್ನು ಮಾರುವ ವ್ಯಾಪಾರದ ಬಗ್ಗೆ. ಆ ವ್ಯಾಪಾರದಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ಶಿಲುಬೆ ಮುಂದಿಟ್ಟುಕೊಂಡು "ನಿಮ್ಮ ಮನೆಗೆ ಕೃತ್ರಿಮ ಆಗಿದೆ" ಎಂದು ಹೇಳುವವರೂ ಇದ್ದಾರೆ.

ಧರ್ಮಸಭೆಯ ಬೋಧನೆ ಏನು? ಇದರಲ್ಲಿ ಗೊಂದಲವಿಲ್ಲ. ಧರ್ಮೋಪದೇಶಕಾಂಡದ 18ನೇ ಅಧ್ಯಾಯ ಕಣಿ ಹೇಳುವುದು, ಮಾಟ ಮಾಡುವುದು, ಸತ್ತವರನ್ನು ವಿಚಾರಿಸುವುದು ಎಲ್ಲವನ್ನೂ ನಿಷೇಧಿಸುತ್ತದೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2116 ಮತ್ತು 2117ನೇ ಪರಿಚ್ಛೇದಗಳಲ್ಲೂ ಅದೇ ಇದೆ: ಜಾತಕ, ಕೈ ನೋಡಿಸುವುದು, ಮಾಟ, ತಾಯಿತ ಯಾವುದಕ್ಕೂ ಅನುಮತಿ ಇಲ್ಲ. ಒಳ್ಳೆಯದಕ್ಕೆ, ರೋಗ ಗುಣವಾಗಲಿಕ್ಕೆ ಮಾಡಿಸಿದರೂ ಸರಿಯಲ್ಲ. ಪಾಸ್ಕ ಜಾಗರಣೆಯ ರಾತ್ರಿ ಮೇಣದಬತ್ತಿ ಹಿಡಿದು ನಾವು ಸೈತಾನನನ್ನೂ ಅವನ ಕೃತ್ಯಗಳನ್ನೂ ತ್ಯಜಿಸುತ್ತೇವೆ ಎಂದು ಪ್ರತಿ ವರ್ಷ ಹೇಳುತ್ತೇವೆ. ಅದನ್ನು ಹೇಳಿದ ಬಾಯಿಯಿಂದಲೇ ಮಂತ್ರವಾದಿಯ ಫೋನ್ ನಂಬರ್ ಕೇಳಲು ಆಗುವುದಿಲ್ಲ. ಕ್ರಿಸ್ತ ನಂಬಿಕೆಗೂ ಮಾಟಕ್ಕೂ ರಾಜಿ ಇಲ್ಲ.

ಆದರೆ ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಸಾಲದು. ಮಂತ್ರವಾದಿಯ ಬಳಿ ಹೋಗದ, ತಾಯಿತ ಕಟ್ಟದ ಎಷ್ಟೋ ಮನೆಗಳಲ್ಲೂ "ಮೂಡು ದಿಕ್ಕಿನ ಹೆಂಗಸು" ಇದ್ದಾಳೆ. ನಮ್ಮ ದೃಷ್ಟಿಯಲ್ಲಿ ತಗಡು, ನೂಲುಗಳಿಗಿಂತ ದೊಡ್ಡ ಪಾಪ ಆ ಒಂದು ಪ್ರಶ್ನೆಯಲ್ಲಿದೆ: ಯಾರು ಮಾಡಿಸಿದ್ದು?

ಪ್ರೇಷಿತರ ಕಾರ್ಯಕಲಾಪಗಳ 19ನೇ ಅಧ್ಯಾಯ ತೆರೆದು ನೋಡಿ. ಎಫೆಸ ಪಟ್ಟಣ ಮಾಟಮಂತ್ರಕ್ಕೆ ಹೆಸರಾಗಿತ್ತು. ಸಂತ ಪೌಲರ ಬೋಧನೆ ಕೇಳಿ ನಂಬಿದವರು ಮುಂದೆ ಬಂದು ತಾವು ಮಾಡಿದ್ದನ್ನು ಎಲ್ಲರ ಎದುರು ಒಪ್ಪಿಕೊಂಡರು. ಮಾಟದ ಪುಸ್ತಕಗಳನ್ನು ತಂದು ಸುಟ್ಟರು. ಅವುಗಳ ಬೆಲೆ 50,000 ಬೆಳ್ಳಿ ನಾಣ್ಯ ಎಂದು ಲೆಕ್ಕವೂ ಇದೆ. ಅವರು ಸುಟ್ಟದ್ದು ಯಾರ ಪುಸ್ತಕ? ತಮ್ಮದೇ ಪುಸ್ತಕ. ಪಕ್ಕದ ಮನೆಗೆ ಹೋಗಿ ಹುಡುಕಲಿಲ್ಲ. "ನನಗೆ ಮಾಡಿಸಿದ್ದು ಇವಳು" ಎಂದು ಯಾರನ್ನೂ ಎಳೆದು ತರಲಿಲ್ಲ. ಯೊವಾನ್ನರ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ನೋಡಿ ಶಿಷ್ಯರು ಇದು ಯಾರ ಪಾಪ, ಇವನದೋ ತಂದೆತಾಯಿಯದೋ ಎಂದು ಕೇಳುತ್ತಾರೆ. ಯೇಸುಸ್ವಾಮಿ ಎರಡೂ ಅಲ್ಲ ಎಂದು ಹೇಳಿ, ಆ ಮನುಷ್ಯನ ಕಣ್ಣು ತೆರೆಯುವ ಕೆಲಸಕ್ಕೆ ಕೈಹಾಕುತ್ತಾರೆ.

"ಬೈಬಲಿನಲ್ಲೇ ಮಾಟಗಾತಿಯನ್ನು ಉಳಿಸಬಾರದು ಎಂದು ಇದೆಯಲ್ಲ" ಎಂದು ನಮ್ಮ ಸಭೆಯಲ್ಲಿ ಒಬ್ಬಳು ಕೇಳಿದಳು. ಹೌದು, ವಿಮೋಚನಾಕಾಂಡದ 22ನೇ ಅಧ್ಯಾಯದಲ್ಲಿ ಇದೆ. ಆ ವಚನವನ್ನು ಹಿಡಿದುಕೊಂಡು ಕ್ರೈಸ್ತರು ಏನು ಮಾಡಿದರು ಎಂಬುದೂ ನಮಗೆ ಗೊತ್ತಿರಬೇಕು. ಯುರೋಪಿನಲ್ಲಿ 15ರಿಂದ 18ನೇ ಶತಮಾನದ ನಡುವೆ ಮಾಟದ ಆರೋಪದಲ್ಲಿ ಸುಮಾರು 40,000ದಿಂದ 60,000 ಜನರನ್ನು ಕೊಂದರು ಎಂದು ಇತಿಹಾಸಕಾರರು ಹೇಳುತ್ತಾರೆ. ಹೆಚ್ಚಿನವರು ಹೆಂಗಸರು, ಎಷ್ಟೋ ಮಂದಿ ವಿಧವೆಯರು, ಬಡವರು, ಯಾರೂ ಇಲ್ಲದವರು. ಆರೋಪ ಹೊರಿಸಿದವರು ಹೆಚ್ಚಾಗಿ ನೆರೆಕರೆಯವರೇ. ಜರ್ಮನಿಯ ಯೇಸುಸಭೆಯ ಗುರು ಫ್ರೀಡ್ರಿಕ್ ಸ್ಪೀ ಅಂಥ ಕೈದಿಗಳ ಜೊತೆ ಇದ್ದು, ಚಿತ್ರಹಿಂಸೆ ಕೊಟ್ಟರೆ ಯಾರು ಬೇಕಾದರೂ ತಪ್ಪೊಪ್ಪಿಕೊಳ್ಳುತ್ತಾರೆ ಎಂದು 1631ರಲ್ಲಿ ಹೆಸರು ಹಾಕದೆ ಒಂದು ಪುಸ್ತಕ ಪ್ರಕಟಿಸಿದರು. ಇದು ಹಳೆಯ ಕಥೆ ಮಾತ್ರವಲ್ಲ. 2009ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ಆಫ್ರಿಕಾದ ಅಂಗೋಲಾಕ್ಕೆ ಹೋದಾಗ, ಮಾಟದ ಭಯದಲ್ಲಿ ಮಕ್ಕಳನ್ನೂ ಮುದುಕರನ್ನೂ ಮಾಟಗಾರರೆಂದು ದೂರುವ ಸಂಕಟದ ಬಗ್ಗೆಯೇ ಮಾತಾಡಿದರು. ನಮ್ಮ ದೊಡ್ಡಮ್ಮನನ್ನು ಯಾರೂ ಸುಡಲಿಲ್ಲ, ನಿಜ. ಕೊನೆಯ ಬೆಂಚಿಗೆ ಕಳಿಸಿದೆವು.

ಇಷ್ಟು ದೂರದ ಉದಾಹರಣೆ ಬೇಡ ಎನ್ನುವವರು ನಮ್ಮ ಕಾಸರಗೋಡು ಜಿಲ್ಲೆಯದ್ದನ್ನೇ ನೋಡಬಹುದು. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗದ ಕಡೆ ಮನೆ ಮನೆಯಲ್ಲಿ ಅಂಗವೈಕಲ್ಯದ ಮಕ್ಕಳು, ಬುದ್ಧಿ ಬೆಳೆಯದ ಮಕ್ಕಳು, ಫಿಟ್ಸ್ ಬರುವ ಮಕ್ಕಳು. ಇದು ಏನೋ ಶಾಪ, ದೈವದ ಮುನಿಸು ಎಂದು ಎಷ್ಟೋ ಜನ ನಂಬಿದ್ದರು. ಅಲ್ಲಿಯ ಡಾಕ್ಟರ್ ವೈ.ಎಸ್. ಮೋಹನ ಕುಮಾರ್ ರೋಗಿಗಳನ್ನು ಗಮನಿಸಿ ಬೇರೆ ಪ್ರಶ್ನೆ ಕೇಳಿದರು. ಪತ್ರಕರ್ತ ಶ್ರೀ ಪಡ್ರೆ ಬರೆದರು, ಜನ ಹೋರಾಡಿದರು. ಸರಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನಿನ ಕಡೆಗೆ ಬೆರಳು ತಿರುಗಿತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ತಡೆಯಿತು. ಶಾಪ ಎಂದು ಒಪ್ಪಿಕೊಂಡು ಸುಮ್ಮನೆ ಕುಳಿತಿದ್ದರೆ ಇನ್ನೂ ಎಷ್ಟು ವರ್ಷ ಸುರಿಯುತ್ತಿದ್ದರೋ! "ಯಾರು ಮಾಡಿಸಿದ್ದು" ಎಂದು ನೆರೆಮನೆಯತ್ತ ನೋಡುವವನಿಗೆ ತಲೆಯ ಮೇಲೆ ಹಾರುವ ಹೆಲಿಕಾಪ್ಟರ್ ಕಾಣುವುದಿಲ್ಲ.

ಹುಡುಗನ ಫಿಟ್ಸ್ ಬಗ್ಗೆಯೂ ಹೇಳಬೇಕು. ಅದು ಮಿದುಳಿನ ಕಾಯಿಲೆ. ಸರಿಯಾಗಿ ಔಷಧ ತೆಗೆದುಕೊಂಡರೆ 100ರಲ್ಲಿ 70 ಮಂದಿಯಷ್ಟು ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಾತ್ರೆ ಒಮ್ಮೆಲೇ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ. ಬಚ್ಚಲಿನ ಬದಲು ಬಾವಿಕಟ್ಟೆಯ ಹತ್ತಿರ ಬಿದ್ದಿದ್ದರೆ? ಮಂತ್ರಶಕ್ತಿಯಿಂದ ಇಂಥ ರೋಗ ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದು 1954ರ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ತಲಪಾಡಿ ದಾಟಿದರೆ ಕರ್ನಾಟಕದಲ್ಲಿ ವಾಮಾಚಾರ ತಡೆಗೆ 2017ರ ಕಾನೂನೂ ಇದೆ. ಆದರೆ ಮನೆಯೊಳಗಿನ ಭಯವನ್ನು ಕಾನೂನು ತೆಗೆಯಲಾರದು.

ನಮ್ಮನ್ನು ಹೆಚ್ಚು ಕಾಡಿದ ಪ್ರಶ್ನೆ ಹುಡುಗನ ಅಮ್ಮನದು. "ಇಗರ್ಜಿಯಲ್ಲಿ ಪವಿತ್ರ ಜಲ ಕೊಡುತ್ತೀರಿ, ಮಂತ್ರಿಸಿದ ಪದಕ ಕೊಡುತ್ತೀರಿ. ನಾನು ಕಟ್ಟಿದ ನೂಲು ಮಾತ್ರ ಯಾಕೆ ತಪ್ಪು?" ಉತ್ತರ ಇದೆ, ಆದರೆ ಅದು ನಮಗೂ ಸ್ವಲ್ಪ ಚುಚ್ಚುತ್ತದೆ. ಪ್ರಾರ್ಥನೆಯಲ್ಲಿ ನಾವು ಕೇಳುತ್ತೇವೆ, ದೇವರು ಕೊಡಲಿ ಕೊಡದಿರಲಿ ಅವರ ಕೈಯಲ್ಲೇ ಇರುತ್ತೇವೆ. ಮಾಟದಲ್ಲಿ ದುಡ್ಡು ಕೊಟ್ಟು ಶಕ್ತಿಯನ್ನು ನಮ್ಮ ಕೆಲಸಕ್ಕೆ ಇಟ್ಟುಕೊಳ್ಳಲು ನೋಡುತ್ತೇವೆ. ಪದಕ ಕಟ್ಟಿದರೆ ಬೈಕ್ ಬೀಳುವುದಿಲ್ಲ ಎಂದು ಹೆಲ್ಮೆಟ್ ಬಿಟ್ಟು ಹೋಗುವವನಿಗೆ ಆ ಪದಕವೂ ತಾಯಿತವೇ. ಒಂಬತ್ತು ದಿನದ ನೊವೇನ ಒಂದು ದಿನ ತಪ್ಪಿದರೆ ಕೆಡುಕಾಗುತ್ತದೆ ಎಂದು ಹೆದರುವವರಿಗೆ ನೊವೇನವೂ ಮಂತ್ರವೇ. ಇದು ನಮ್ಮ ಸ್ವಂತ ಮಾತಲ್ಲ, ಅದೇ ಧರ್ಮೋಪದೇಶ ಗ್ರಂಥದ 2111ನೇ ಪರಿಚ್ಛೇದದ ಎಚ್ಚರಿಕೆ.

ಅವರು ಇನ್ನೂ ಒಂದು ಮಾತು ಹೇಳಿದರು. "ಡಾಕ್ಟರರು ಐದು ನಿಮಿಷ ನೋಡಿದರು. ಫಾದರ್ ಪೂಜೆ ಮುಗಿಸಿ ಇನ್ನೊಂದು ಕಡೆ ಹೋಗಬೇಕಿತ್ತು. ನೀವು ಕ್ರಿಕೆಟ್ ಟೂರ್ನಮೆಂಟಿನ ಚಂದಾಕ್ಕೆ ಬಂದಿರಿ. ಆ ಮನುಷ್ಯ ಎರಡು ಗಂಟೆ ಕುಳಿತು ನನ್ನ ಕಷ್ಟ ಕೇಳಿದ." ನಮಗೆ ಉತ್ತರ ಬರಲಿಲ್ಲ. ಗಂಡ ದುಬೈಯಲ್ಲಿ, ರಾತ್ರಿ ಮಗ ನಡುಗುವಾಗ ಒಬ್ಬಳೇ ಹಿಡಿದುಕೊಂಡ ತಾಯಿ ಅವರು. ಅವರಿಗೆ ವಚನ ಹೇಳುವ ಮೊದಲು ನಾವು ಕ್ಷಮೆ ಕೇಳಬೇಕಿತ್ತು. ಕೇಳಿದೆವು.

ಹಾಗಾಗಿ ನಮ್ಮ ಯುವಸಂಘ ಮೂರು ಕೆಲಸ ಆರಂಭಿಸಿದೆ. ಒಂದು, ಪ್ರತಿ ವಾರ್ಡಿನಲ್ಲಿ ಇಬ್ಬರು, ಒಬ್ಬ ಹುಡುಗ ಒಬ್ಬ ಹುಡುಗಿ. ಆಸ್ಪತ್ರೆಗೆ ಜೊತೆ ಬೇಕೆಂದರೆ ಮಂಗಳೂರಿಗೆ ಹೋಗಿ ಟೋಕನ್ ತೆಗೆದು, ಡಾಕ್ಟರರು ಹೇಳಿದ್ದನ್ನು ಬರೆದುಕೊಂಡು ಬರುತ್ತಾರೆ. ಎರಡು, ಮನಸ್ಸಿನ ಕಾಯಿಲೆ ಇರುವ ಮನೆಗಳಲ್ಲಿ "ಸೋಂಕು ತಗಲಿದೆ" ಎನ್ನುವ ಮಾತನ್ನು ನಾವು ಆಡುವುದಿಲ್ಲ, ಆಡುವವರ ಜೊತೆ ತಲೆಯಾಡಿಸುವುದಿಲ್ಲ. ಮೂರನೆಯದು ಅತಿ ಕಷ್ಟದ್ದು: ಯಾರ ಮನೆಯಲ್ಲಿ ಏನೇ ಆಗಲಿ, "ಯಾರು ಮಾಡಿಸಿದ್ದು" ಎಂದು ಕೇಳುವುದಿಲ್ಲ. "ಏನು ಸಹಾಯ ಬೇಕು" ಎಂದು ಕೇಳುತ್ತೇವೆ.

ಆ ಹುಡುಗ ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಸೊಂಟದ ನೂಲನ್ನು ಅವನ ಅಮ್ಮನೇ ಕತ್ತರಿಸಿದರು. ನಾವು ಕತ್ತರಿಸಿ ಎಂದು ಹೇಳಿರಲಿಲ್ಲ. ಅಂಗಳದ ತಗಡನ್ನು ಮಾತ್ರ ಇನ್ನೂ ತೆಗೆದಿಲ್ಲ, ಹೆದರಿಕೆ ಇದೆ. ದೊಡ್ಡಮ್ಮ ಇನ್ನೂ ಮೊದಲ ಪೂಜೆಗೇ ಬರುತ್ತಾರೆ. ಫಾದರ್ ಎರಡೂ ಮನೆಗೆ ಹೋಗಿ ಬಂದಿದ್ದಾರೆ. ಹುಡುಗ ಒಂದು ಸಂಜೆ ಯಾರಿಗೂ ಹೇಳದೆ ದೊಡ್ಡಮ್ಮನ ಮನೆಗೆ ಹೋಗಿ ಚಹಾ ಕುಡಿದು ಬಂದನಂತೆ. ಅಮ್ಮನಿಗೆ ಗೊತ್ತಾಯಿತು, ಬೈಯಲಿಲ್ಲ.

ಮಾಟಕ್ಕೂ ನಂಬಿಕೆಗೂ ರಾಜಿ ಇಲ್ಲ ಎಂದು ಮೇಲೆ ಬರೆದೆವು. ಮನೆಗೂ ಮನೆಗೂ ರಾಜಿ ಆಗಬೇಕು, ಅದನ್ನು ಮಾಡಿಸುವುದು ನಮ್ಮ ಕರ್ತವ್ಯ. ಬರುವ ಮೊಂತಿ ಹಬ್ಬಕ್ಕೆ ಆ ಮನೆಯಲ್ಲಿ ಒಂದು ಎಲೆ ಹೆಚ್ಚು ಹಾಕಲಿ ಎಂದು ನಾವು ಬೇಡುತ್ತಿದ್ದೇವೆ. ನಿಮ್ಮ ತೇರ್ಸಿನಲ್ಲೂ ಒಂದು ಜಪ ಸೇರಿಸಿ. ನಿಮ್ಮ ಮನೆಯ ಮೂಡು ದಿಕ್ಕಿನಲ್ಲೂ ಯಾರಾದರೂ ಇದ್ದರೆ, ಜಪ ಮುಗಿಸಿ ಒಮ್ಮೆ ಅಲ್ಲಿಗೆ ಹೋಗಿ ಬನ್ನಿ.