ಬೀದಿಯ ಧೂಳೂ ಎಳೆಯ ಮಕ್ಕಳೂ

ನಗರದ ವಾಯು ಮಲಿನವಾಯಿತೆಂದು ಕಳವಳಪಡುವ ನಾವು, ಆ ವಾಯುವಿನಿಂದ ಇಳಿದು ನೆಲದಲ್ಲಿ ನೆಲೆಗೊಂಡ ಧೂಳಿನ ವಿಷಯದಲ್ಲಿ ಮಾತ್ರ ವಿಚಿತ್ರವಾದ ಔದಾಸೀನ್ಯವನ್ನು ತಾಳಿದ್ದೇವೆ. ಸೀಸ ಬೆರೆತ ಪೆಟ್ರೋಲು ನಮ್ಮ ದೇಶದಲ್ಲಿ 2000ನೆಯ ಇಸವಿಯಲ್ಲಿ ನಿಂತಿತು. ಸ್ತುತ್ಯವಾದ ಕಾರ್ಯವೇ ಸರಿ. ಆದರೆ ಸೀಸವು ಮೂಲಧಾತುವಾದುದರಿಂದ ತರಗೆಲೆಯಂತೆ ಕೊಳೆತು ಇಲ್ಲವಾಗುವುದಿಲ್ಲ. ಆ ಪೆಟ್ರೋಲು ನಿಲ್ಲುವ ಮುನ್ನ ದಶಕಗಳ ಕಾಲ ವಾಹನಗಳು ಉಗುಳಿದುದರಲ್ಲಿ ಒಂದು ಪಾಲು ರಸ್ತೆಯಂಚಿನ ಮಣ್ಣಿನಲ್ಲಿ ಇನ್ನೂ ಉಳಿದಿರುವಾಗಲೇ, ಹಳೆಯ ಗೋಡೆ ಕಿಟಕಿಗಳಿಂದ ಉದುರುವ ಬಣ್ಣದ ಪುಡಿ, ಹಳೆಯ ಬ್ಯಾಟರಿಗಳನ್ನೊಡೆದು ಸೀಸ ಕರಗಿಸುವ ಕುಲುಮೆಗಳ ಹೊಗೆ, ಬ್ರೇಕುಗಳಿಂದ ಸವೆದ ತಾಮ್ರ, ಟಯರುಗಳಿಂದ ಸವೆದ ಸತು, ಇವೆಲ್ಲ ಅದರ ಮೇಲೆ ಬಂದು ಕೂಡುತ್ತಲಿವೆ.

ದೊಡ್ಡವರಿಗೆ ಈ ಧೂಳು ಕೆಮ್ಮಿನ, ಕಣ್ಣುರಿಯ ಸಂಗತಿ; ಅಂಬೆಗಾಲಿಡುತ್ತ ಸಿಕ್ಕಿದುದನ್ನೆಲ್ಲ ಬಾಯಿಗಿಡುವ ಕೂಸಿಗಾದರೋ ಅದು ಆಹಾರವೇ ಆಗಿಬಿಡುತ್ತದೆ. ಒಳಹೊಕ್ಕ ಸೀಸದಲ್ಲಿ ವಯಸ್ಕರ ಕರುಳು ಹತ್ತರಲ್ಲೊಂದು ಪಾಲನ್ನು ಹೀರಿದರೆ ಮಗುವಿನ ಕರುಳು ಅರ್ಧದವರೆಗೂ ಹೀರಬಲ್ಲುದು. ಕಬ್ಬಿಣದ ಅಂಶ ಕಡಿಮೆಯಾದ ಶರೀರದಲ್ಲಿ ಇನ್ನೂ ಹೆಚ್ಚು. ಎಂದಮೇಲೆ ರಸ್ತೆಗೇ ಬಾಗಿಲು ತೆರೆಯುವ ಮನೆಯ, ರಕ್ತಹೀನತೆಯಿಂದ ಬಿಳಿಚಿಕೊಂಡ ಬಡ ಮಗುವಿಗೇ ಈ ವಿಷ ಧಾರಾಳವಾಗಿ ದಕ್ಕುವುದೆಂದಾಯಿತು. 1979ರಲ್ಲಿ ಅಮೆರಿಕದ ಹರ್ಬರ್ಟ್ ನೀಡಲ್‌ಮನ್ ಎಂಬ ವೈದ್ಯರು ಉದುರಿದ ಹಾಲುಹಲ್ಲುಗಳಲ್ಲಿನ ಸೀಸವನ್ನಳೆದು, ಮೇಲುನೋಟಕ್ಕೆ ಆರೋಗ್ಯವಂತರಾದ ಮಕ್ಕಳಲ್ಲಿಯೇ ಬುದ್ಧಿಯೂ ಅವಧಾನವೂ ಕುಗ್ಗಿರುವುದನ್ನು ತೋರಿಸಿದರು. ಇಷ್ಟಿದ್ದರೆ ಬಾಧಕವಿಲ್ಲವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಇಂದು ಹೇಳುತ್ತದೆ.

ನಮ್ಮ ಬೆಂಗಳೂರಿನಲ್ಲಾದರೋ, ಪ್ರಾತಃಕಾಲದಲ್ಲಿ ಪೌರಕಾರ್ಮಿಕರು ಒಣ ಪೊರಕೆಯಿಂದ ಗುಡಿಸಿ ರಾಶಿಮಾಡಿದ ಧೂಳನ್ನು, ಅದನ್ನೊಯ್ಯುವ ಗಾಡಿ ಬರುವ ಮೊದಲೇ ಬಸ್ಸುಗಳು ಮರಳಿ ಹರಡಿರುತ್ತವೆ. (ಆ ಧೂಳನ್ನು ಎಲ್ಲರಿಗಿಂತ ಮೊದಲು ಉಸಿರಾಡುವವರು ಆ ಕಾರ್ಮಿಕರೇ, ಅವರ ಮನೆಗಳಲ್ಲಿಯೂ ಮಕ್ಕಳುಂಟು.) ಗಾಳಿಯನ್ನಳೆಯುವ ಯಂತ್ರಗಳನ್ನು ಸ್ಥಾಪಿಸಿದ ಸರ್ಕಾರ, ಶಾಲೆ ಅಂಗನವಾಡಿಗಳ ಮುಂದಣ ಧೂಳನ್ನೂ ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಿ, ಅಂತಹ ಸ್ಥಳಗಳಲ್ಲಿಯಾದರೂ ನೀರು ಚಿಮುಕಿಸಿ ಗುಡಿಸಿ ಕೂಡಲೇ ಎತ್ತಿಸತಕ್ಕದ್ದು. ಮಕ್ಕಳ ರಕ್ತದಲ್ಲಿನ ಸೀಸವನ್ನೂ ಪರೀಕ್ಷಿಸಬೇಕು; ಆ ಪರೀಕ್ಷೆಗೆ ದುಡ್ಡೆಲ್ಲಿಯದೆಂಬ ಆಕ್ಷೇಪ ಬರುವುದು ನಿಶ್ಚಯ. ಆದರೆ ರಕ್ತಹೀನತೆಯನ್ನರಿಯಲೆಂದು ಮಕ್ಕಳ ಬೆರಳು ಚುಚ್ಚುವ ಕೆಲಸ ಹೇಗೂ ನಡೆದಿದೆ. ಆಗಲೇ ಇನ್ನೊಂದು ತೊಟ್ಟು ತೆಗೆದು ಸೀಸವನ್ನೂ ನೋಡಬಹುದು. ಬೆರಳಿಗಂಟಿದ ಧೂಳೇ ಲೆಕ್ಕವನ್ನು ಕೆಡಿಸುವುದುಂಟಾದ್ದರಿಂದ, ಚುಚ್ಚುವ ಮುನ್ನ ಮಗುವಿನ ಕೈಯನ್ನು ಸಾಬೂನು ಹಚ್ಚಿ ತೊಳೆಯಬೇಕಷ್ಟೆ.